ಎತ್ತಿ ಕುಡಿದ ವೈನ್

ನಾನು ಯಾರ ಮನೆಗೆ ಹೋಗಿ ಬಂದರೂ ನಮ್ಮವ್ವ ಕೇಳುವುದು ಒಂದೇ ಪ್ರಶ್ನೆ. ಏನು ಕೊಟ್ಟರು ಎಂದು ಅವಳು ಕೇಳುವುದಿಲ್ಲ. "ಎದರಾಗ ಕೊಟ್ರು?" ಎಂದು ಕೇಳುತ್ತಾಳೆ.

ಚಹಾ ಆದರೆ ಮನೆಯವರು ಕುಡಿಯುವ ಕಪ್ಪಿನಲ್ಲೋ ಬೇರೆಯದರಲ್ಲೋ, ಉಪ್ಪಿಟ್ಟು ಆದರೆ ಸ್ಟೀಲ್ ತಾಟಿನಲ್ಲೋ ಪತ್ರಾವಳಿಯಲ್ಲೋ, ಅಷ್ಟು ತಿಳಿದರೆ ಸಾಕು, ಆ ಮನೆಯವರ ಮನಸ್ಸು ಹೇಗೆಂದು ಹೇಳಿಬಿಡುತ್ತಾಳೆ. ಕಾಗದದ ಲೋಟ ಬಂದ ಮೇಲೆ ಅವಳ ಅಂದಾಜು ಸ್ವಲ್ಪ ತಪ್ಪಿದೆ. "ಎಲ್ಲಾರಿಗೂ ಕಾಗದದ್ದರಾಗ ಕೊಟ್ರೋ, ನಿನಗಷ್ಟ ಕೊಟ್ರೋ?" ಎಂದು ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದಾಳೆ. ನಾನು ರೇಗುತ್ತಿದ್ದೆ. "ಈಗ ಯಾರೂ ಅದನ್ನ ನೋಡಂಗಿಲ್ಲ ಬೇ, ಕಾಲ ಬದಲಾಗೇತಿ" ಎನ್ನುತ್ತಿದ್ದೆ.

"ಹೌದೇನು? ಆಗ್ಲಿ ತಗೋ. ಆದ್ರೂ ಎದರಾಗ ಕೊಟ್ರು ಹೇಳು" ಎನ್ನುತ್ತಿದ್ದಳು.

ತುಕ್ಕಾನಟ್ಟಿಯ ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣುಮಗಳು ನಾನು. ಹೆಣ್ಣುಮಗಳು ಯಾಕೆ, ನಮ್ಮ ಮನೆತನದಲ್ಲಿ ಗಂಡಸರನ್ನು ಹಿಡಿದು ಹೇಳಿದರೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಕಬ್ಬಿನ ರವದಿಯ ಒಣಗರಿ ತರಚಿದ ಕೈಯಲ್ಲೇ ಅವ್ವ ನನ್ನ ಟ್ರಂಕು ಹೊತ್ತುಕೊಂಡು ಹಾಸ್ಟೆಲ್ಲಿನ ಬಾಗಿಲಿಗೆ ತಂದು ಇಳಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಈಗ ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವ್ವ ನನ್ನ ಜೊತೆಗೇ ಇದ್ದಾಳೆ. ರವಿವಾರ ಇಬ್ಬರೂ ಬುದ್ಧ ವಿಹಾರಕ್ಕೆ ಹೋಗಿ ಪಂಚಶೀಲ ಹೇಳಿ ಬರುತ್ತೇವೆ. ಐದನೆಯ ಶೀಲ ಶೆರೆ ಮುಟ್ಟುವುದಿಲ್ಲ ಎಂಬುದು. ನಮ್ಮ ಕೆಲವು ಗಂಡಸರು ಬೆಳಿಗ್ಗೆ ಹೇಳಿದ ಆ ಮಾತನ್ನು ಸಂಜೆಯ ತನಕ ಚೆನ್ನಾಗಿಯೇ ಪಾಲಿಸುತ್ತಾರೆ. ನಾನು ಮಾತ್ರ ಎಂದೂ ಮುರಿದವಳಲ್ಲ. ಹೀಗಾಗಿ ನನಗೂ ಇಟಲಿ ದೇಶದ ಕೆಂಪು ವೈನಿಗೂ ಯಾವ ಸಂಬಂಧವೂ ಇರಲು ಕಾರಣವಿರಲಿಲ್ಲ.

ಸಂಬಂಧ ಕಟ್ಟಿಕೊಟ್ಟವರು ನಮ್ಮ ಸಾಲೆಯ ಗಣಿತದ ಅಕ್ಕೋರು. ನಮ್ಮಲ್ಲಿ ಹೆಣ್ಣು ಮಾಸ್ತರರನ್ನು ಕರೆಯುವುದು ಹಾಗೆಯೇ, ನಾವು ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ. ಅವರು ನನಗಿಂತ ಹಿರಿಯರು, ತವರು ಹುಕ್ಕೇರಿ, ಸೊಸೆಯಾಗಿ ಬಂದದ್ದು ನಾಗನೂರಿನ ದೊಡ್ಡ ಹೊಲದ ಮನೆಗೆ. ಅವರ ಮಗಳು ನನ್ನ ಕೈಯಲ್ಲೇ ವಿಜ್ಞಾನ ಕಲಿತವಳು. ಧಾರವಾಡದಲ್ಲಿ ಕೃಷಿ ಓದಿ, ಮುಂದಿನ ಓದಿಗೆ ಇಟಲಿಗೆ ಹೋಗಿದ್ದಳು. ಈ ಸಲ ರಜೆಗೆ ಬಂದಿದ್ದಳು.

ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಕ್ಕೋರು ದನಿ ತಗ್ಗಿಸಿ, "ರವಿವಾರ ನಮ್ಮನಿಗೆ ಬರ್ರಿ. ಗಂಡಸರು ಯಾರೂ ಇರಂಗಿಲ್ಲ, ಹುಕ್ಕೇರಿಗೆ ಮದವಿಗೆ ಹೊಂಟಾರ" ಎಂದರು.

ಎದುರಿಗೆ ಹಿಂದಿ ಕಲಿಸುವ ಅಕ್ಕೋರು ಕೂತಿದ್ದರು. ಗೋಕಾಕ ಪೇಟೆಯ ಹಳೆಯ ವ್ಯಾಪಾರದ ಮುಸ್ಲಿಂ ಮನೆತನ ಅವರದು. ಮಾತಿನಲ್ಲಿ ಅವರನ್ನು ಹಿಡಿಯುವವರಿಲ್ಲ.

"ಗಂಡಸರು ಇಲ್ದಾಗ ಏನ್ ಕಾರ್ಯಕ್ರಮರಿ ಅದು?" ಎಂದರು.

"ಮಗಳು ಇಟಲಿಯಿಂದ ಒಂದು ಬಾಟ್ಲಿ ತಂದಾಳ."

"ಅತ್ತರಾ?"

"ವೈನ್ ರೀ."

"ತೌಬಾ! ಅಕ್ಕೋರ, ಆರಾಮ ರಿಟೈರ್ ಆಗೂದು ಬಿಟ್ಟು ಸಸ್ಪೆಂಡ್ ಆಗಾಕ ಹೊಂಟೀರೇನು?" ಹಿಂದಿ ಅಕ್ಕೋರು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ, "ಕುಡಿಯೂದು ನಮಗ ಹರಾಮ್. ವಾಸ್ನಿ ನೋಡಬ್ಯಾಡ ಅಂತ ನಮ್ಮನ್ಯಾಗ ಯಾರೂ ಅಂದಿಲ್ಲ. ಬರ್ತೀನಿ. ಬಾಗಲಾ ಕಾಯಾಕರ ಒಬ್ಬರು ಬೇಕಲ್ಲ" ಎಂದರು.

ನಾನೂ ನಕ್ಕೆ. ಆದರೆ ನನ್ನ ಮನಸ್ಸು ಬಾಟಲಿಯ ಮೇಲೆ ಇರಲಿಲ್ಲ. ಆ ಮನೆಯ ಮೇಲೆ ಇತ್ತು. ಅಕ್ಕೋರು ಸೊಸೆಯಾಗಿ ಆ ಹೊಸ್ತಿಲು ತುಳಿಯುವುದಕ್ಕಿಂತ ಮೊದಲೇ ನಾನು ಆ ಮನೆಯನ್ನು ನೋಡಿದ್ದೆ. ಹಿಂದಿನಿಂದ.

ನಾಗನೂರು ನಮ್ಮವ್ವನ ತವರು. ಅವ್ವನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ಆ ಮನೆಯಲ್ಲಿ ಸೆಗಣಿ ಬಾಚುತ್ತಿದ್ದಳು, ಹೊಲಕ್ಕೂ ಹೋಗುತ್ತಿದ್ದಳು. ಮದುವೆಗೆ ಮೊದಲು ಅವ್ವನೂ ಅಲ್ಲಿಯೇ ದುಡಿದವಳು. ಸಾಲೆಗೆ ಸೂಟಿ ಬಿಟ್ಟಾಗ ನಾನು ಆಯಿಯ ಬೆನ್ನು ಹತ್ತಿ ಹೋಗುತ್ತಿದ್ದೆ. ನಮ್ಮ ದಾರಿ ಹಿತ್ತಿಲದ್ದು. ಅಲ್ಲಿ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದು ಜರ್ಮನ್ ಲೋಟವನ್ನು ಡಬ್ಬು ಹಾಕಿ ಬೋರಲಾಗಿ ಇಟ್ಟಿರುತ್ತಿದ್ದರು. ಅಲ್ಯೂಮಿನಿಯಮ್ಮಿಗೆ ನಾವು ಅನ್ನುವುದು ಜರ್ಮನ್ ಎಂದೇ. ಆಯಿ ಅದನ್ನು ತೆಗೆದು ಹಿಡಿದರೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿ ಡಬ್ಬು ಹಾಕುತ್ತಿದ್ದಳು. ನೀರು ಬೇಕಾದರೆ ಬೊಗಸೆ ಒಡ್ಡಬೇಕು.

ಒಂದು ಸಲ ಆ ಮನೆಯ ಹಿರಿಯ ಅಮ್ಮ, ಈಗ ಅವರಿಲ್ಲ, ಬಿಸಿಲಿಗೆ ಬಾಡಿದ ನನ್ನ ಮುಖ ನೋಡಿ ಮನೆಯ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. ಅಕ್ಕರೆಯಿಂದಲೇ ಕೊಟ್ಟರು. ನಾನು ತುಟಿ ಹಚ್ಚಿ ಗಟಗಟ ಕುಡಿದೆ. ಆಯಿಯ ಮುಖದ ಬಣ್ಣವೇ ಹೋಯಿತು. ಆ ಲೋಟವನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ ಬಿಸಿಲಿಗಿಟ್ಟಳು. ಮನೆಗೆ ಬಂದ ಮೇಲೆ ನನ್ನ ತೋಳು ಹಿಡಿದು ಚಿವುಟಿದಳು.

"ಕೊಟ್ಟಾರಂತ ತುಟಿ ಹಚ್ಚತೀಯೇನು? ಅವರು ಕೊಡ್ತಾರ, ನಾವು ಎತ್ತಿ ಕುಡೀಬೇಕು. ನನ್ನ ಕೆಲಸಾ ಕಳೀತಿ ನೀನು."

ಮರುದಿನದಿಂದ ತಂಬಿಗೆಯಲ್ಲಿ ನೀರು ಕೊಟ್ಟು ಅಭ್ಯಾಸ ಮಾಡಿಸಿದಳು. ತಲೆ ಹಿಂದಕ್ಕೆ, ಕೈ ಮೇಲಕ್ಕೆ, ಹನಿ ಕೆಳಗೆ ಬೀಳಬಾರದು. ನಮ್ಮ ಕಡೆ ಎಲ್ಲರೂ ನೀರನ್ನು ಎತ್ತಿಯೇ ಕುಡಿಯುತ್ತಾರೆ, ನನಗೆ ಗೊತ್ತು. ಅದು ಸ್ವಚ್ಛತೆ. ಆಯಿ ಕಲಿಸಿದ್ದು ಅದಲ್ಲ. ಅವಳು ಕಲಿಸಿದ್ದು ಹೆದರಿಕೆ. ಕಲಿತ ಎಲ್ಲಾ ಪಾಠಗಳ ಹಾಗೆ ಅದನ್ನೂ ನಾನು ಚೆನ್ನಾಗಿ ಕಲಿತೆ.

ರವಿವಾರದ ಮಾತನ್ನು ಅವ್ವನಿಗೆ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಅವಳ ಮೂಗಿನ ಮುಂದೆ ಅದು ನಡೆಯುವ ಮಾತಲ್ಲ.

"ವೈನ್ ಅಂದ್ರ ಶೆರೆನ ಅಲ್ಲೇನು?"

"ದ್ರಾಕ್ಷಿದು ಬೇ."

"ಬೆಲ್ಲದ್ದಾದ್ರೂ ಶೆರೆನ, ದ್ರಾಕ್ಷಿದಾದ್ರೂ ಶೆರೆನ. ಬುದ್ಧರ ಮುಂದ ಕೈ ಮುಗದು ಏನಂತ ಹೇಳಿ ಬಂದೀದಿ?" ಎಂದವಳು, ಯಾರ ಮನೆಯೆಂದು ತಿಳಿದ ಮೇಲೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಎಲ್ಲಿ ಕುಂದ್ರಸ್ತಾರಂತ?"

"ಅಡಗಿ ಮನ್ಯಾಗ. ಹೊರಗ ಯಾರರ ನೋಡ್ಯಾರಂತ."

ಅವ್ವ ಆ ಮನೆಯ ಕೊಟ್ಟಿಗೆ ಬಲ್ಲಳು, ಹಿತ್ತಿಲು ಬಲ್ಲಳು, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ಜಾಗ ಬಲ್ಲಳು. ಅಡಿಗೆಮನೆಯ ಹೊಗೆಯನ್ನು ಮಾತ್ರ ಹೊರಗಿನಿಂದಲೇ ನೋಡಿದವಳು.

"ಒಂದು ಗುಟಕಾ ಕುಡಿ. ಹೆಚ್ಚಿಗಿ ಬ್ಯಾಡ" ಎಂದಳು. "ಹೊರಗ ಕಟ್ಟಿ ಮ್ಯಾಲ ಕೊಟ್ರ ಮುಟ್ಟಬ್ಯಾಡ. ಒಳಗ ಕೊಟ್ರ ಕುಡಿ. ಮತ್ತ ಬಂದು ನನಗ ಹೇಳು."

ಹಾಗಾಗಿ ನಾನು ಹೋದದ್ದು ವೈನಿಗಾಗಿ ಅಲ್ಲ. ಅವ್ವನಿಗೆ ಕೊಡಬೇಕಾದ ಒಂದು ಉತ್ತರಕ್ಕಾಗಿ.

ತಿಳಿಹಳದಿ ಬಣ್ಣದ ಹೊಸ ಕಾಟನ್ ಸೀರೆ ಉಟ್ಟೆ. ಹಿಂದಿ ಅಕ್ಕೋರು ಒಂದು ಡಬ್ಬಿ ಕರದಂಟು ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ನಾಗನೂರಿನಲ್ಲಿ ಇಳಿದು ಮುಂದಿನ ಬಾಗಿಲಿನಿಂದ ಒಳಗೆ ಹೋದೆವು. ಪಡಸಾಲೆ, ನಡುಮನೆ ದಾಟಿ ಅಡಿಗೆಮನೆ. ಹೊಸ್ತಿಲಲ್ಲಿ ನನ್ನ ಕಾಲು ಒಂದು ಕ್ಷಣ ನಿಂತಿತು. ಅಕ್ಕೋರು ಒಲೆಯ ಹತ್ತಿರದಿಂದಲೇ, "ಬರ್ರಿ ಬರ್ರಿ, ಇಲ್ಲೆ ಚಾಪಿ ಮ್ಯಾಲ ಕುಂಡ್ರಿ, ರೊಟ್ಟಿ ಬಿಸಿ ಅದಾವು" ಎಂದರು. ಅವರು ಯಾವ ವಿಶೇಷವನ್ನೂ ಮಾಡಲಿಲ್ಲ. ಅದೇ ನನಗೆ ಹಿಡಿಸಿತು.

ಮಗಳು ಬಾಟಲಿಯ ಬಿರಡೆಯನ್ನು ಆಗಲೇ ತೆಗೆದಿಟ್ಟಿದ್ದಳು. "ಸ್ವಲ್ಪ ಗಾಳಿ ಆಡಬೇಕು ಟೀಚರ್. ವರ್ಷಗಟ್ಲೆ ಮುಚ್ಚಿಟ್ಟದ್ದು, ತಗದ ಕೂಡ್ಲೆ ಮಾತಾಡಂಗಿಲ್ಲ" ಎಂದಳು. ತಾನು ಇರುವ ಊರಿನಲ್ಲಿ ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟವಂತೆ. ಬಾಡಿಗೆ ಮನೆಯ ಮುದುಕಿ ಹಳೆಯ ಪದ್ಧತಿಯಲ್ಲೇ ವೈನ್ ಮಾಡುವವಳು. ದ್ರಾಕ್ಷಿಯನ್ನು ಸಿಪ್ಪೆ ಸಮೇತ ವಾರಗಟ್ಟಲೆ ನೆನೆಹಾಕಿ, ಆಮೇಲೆ ದೊಡ್ಡ ಕಟ್ಟಿಗೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಬಿಡುತ್ತಾಳೆ.

"ಆ ಪೀಪಾಯಿ ಅಕಿ ಮಾವನ ಕಾಲದ್ದು. ಹೊಸಾ ಕಟಗಿ ಆದ್ರ ಅದರ ವಾಸ್ನಿ ವೈನಿಗೆ ಹತ್ತತೈತಿ. ಹಳೀದು ಏನೂ ಕೊಡಂಗಿಲ್ಲ, ಬರೇ ಉಸರಾಡಾಕ ಬಿಡತೈತಿ" ಎಂದಳು ಮಗಳು.

"ನಮ್ಮ ಉಪ್ಪಿನಕಾಯಿ ಭರಣಿ ಇದ್ದಂಗ ಅನ್ನು" ಎಂದರು ಅಕ್ಕೋರು.

"ಹೌದು. ಅವ್ವನ ಸಲುವಾಗಿ ಒಯ್ಯಿ ಅಂತ ಕೊಟ್ಲು. ಎರಡು ಗ್ಲಾಸೂ ಕೊಟ್ಟಿದ್ಲು, ಒಂದು ಬ್ಯಾಗಿನ್ಯಾಗ ಒಡೀತು."

ಉಳಿದ ಒಂದು ಗ್ಲಾಸು ಕಮಲದ ಮೊಗ್ಗಿನ ಹಾಗೆ ಉದ್ದ ಕಾಲಿನ ಮೇಲೆ ನಿಂತಿತ್ತು. ಒಂದರಲ್ಲಿ ಮೂವರು ಕುಡಿಯುವುದು ಹೇಗೆ ಎಂಬ ಪ್ರಶ್ನೆ ಬಂತು. ಸ್ಟೀಲ್ ಲೋಟ ಬೇಡ, ವಾಸನೆ ಸಾಯುತ್ತದೆ ಎಂದಳು ಮಗಳು.

"ಒಂದರಾಗ ಎಲ್ಲಾರೂ ಕುಡದ್ರಾತು" ಎಂದರು ಅಕ್ಕೋರು. "ನಾವೇನ ಹೊರಗಿನವರೇನು?"

ಅವರು ರೊಟ್ಟಿ ಮಗುಚುತ್ತಾ ಆಡಿದ ಮಾತು ಅದು. ಅವ್ವನಿಗೆ ಒಯ್ಯಬೇಕಾದ ಉತ್ತರ ಇಷ್ಟು ದೊಡ್ಡದಾಗಿ ಸಿಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬೇರೆ ಕಪ್ಪಿಲ್ಲ, ಬೇರೆ ತಾಟಿಲ್ಲ. ಒಂದೇ ಗ್ಲಾಸು.

ಮುಂದಿನ ಬಾಗಿಲಿಗೆ ಅಗಳಿ ಹಾಕಿ ಬಂದ ಹಿಂದಿ ಅಕ್ಕೋರು, "ಶುರು ಮಾಡ್ರಿ, ಪೊಲೀಸರು ಇನ್ನೂ ಘಟಪ್ರಭಾದಾಗ ಅದಾರ" ಎಂದರು.

ವೈನ್ ಗ್ಲಾಸಿಗೆ ಇಳಿಯಿತು. ನೇರಳೆ ಹಣ್ಣಿನ ಹಾಗೆ ಕಪ್ಪಗಿರುತ್ತದೆ ಎಂದುಕೊಂಡಿದ್ದೆ. ಅದು ತಿಳಿಯಾಗಿತ್ತು, ಆಚೆಗಿನ ಕೈಬೆರಳು ಕಾಣುವಷ್ಟು. ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣ. ಮೊದಲು ಅಕ್ಕೋರು ಮೂಸಿದರು, ಒಂದು ಗುಟುಕು ಕುಡಿದರು, ಮುಖ ಕಿವುಚಿದರು. "ಯವ್ವಾ, ಒಗರ! ಬಾಳೀಕಾಯಿ ತಿಂದಂಗಾತು." ಮಗಳು ಕುಡಿದು ಕಣ್ಣು ಮುಚ್ಚಿದಳು. ಹಿಂದಿ ಅಕ್ಕೋರು ಮೂಗಷ್ಟನ್ನೇ ಒಳಗಿಟ್ಟು, "ತಂಬಾಕು ವಾಸ್ನಿ ಐತ್ರಿ. ನಮ್ಮಜ್ಜಾರ ಕೋಟಿನ್ಯಾಗ ಬರತಿತ್ತು" ಎಂದು ನನ್ನ ಕೈಗೆ ಕೊಟ್ಟರು.

ನಾನು ತಯಾರಾಗಿ ಬಂದಿದ್ದೆ. ಹಿಂದಿನ ದಿನ ಫೋನಿನಲ್ಲಿ ವೈನ್ ಹೇಗೆ ಸವಿಯುತ್ತಾರೆಂದು ನೋಡಿಕೊಂಡಿದ್ದೆ. ಕಾಲನ್ನು ಹಿಡಿದು ಗ್ಲಾಸು ತಿರುಗಿಸಿದೆ. ಮೂಸಿದೆ. "ಒಣಗಿದ ಗುಲಾಬಿ ಪಕಳಿ ವಾಸ್ನಿ. ಅದರ ಹಿಂದ ಡಾಂಬರ. ಹೊಸಾ ರಸ್ತಾ ಮಾಡುವಾಗ ಬರತೈತಲ್ಲ, ಅದು" ಎಂದೆ.

"ಟೀಚರ್, ಖರೇನ! ಅಲ್ಲೆ ಮುದುಕಿನೂ ಇದನ್ನ ಹೇಳ್ತಾಳ, ಗುಲಾಬಿ ಮತ್ತ ಡಾಂಬರ!" ಮಗಳು ಚಪ್ಪಾಳೆ ತಟ್ಟಿದಳು. ನಾನು ಉಬ್ಬಿಹೋದೆ. ಒಗರು ಬರುವುದು ಸಿಪ್ಪೆಯ ಟ್ಯಾನಿನ್ನಿನಿಂದ ಎಂದು ಒಂಬತ್ತನೇ ಕ್ಲಾಸಿಗೆ ಹೇಳುವ ಹಾಗೆ ಹೇಳಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಮ್ಮ ಆಯಿ ಹೊಸ್ತಿಲಾಚೆ ನಿಂತ ಮನೆಯಲ್ಲಿ, ಚಾಪೆಯ ನಡುವೆ ಕೂತು, ಇಟಲಿಯ ವೈನಿನ ಪಾಠ ಮಾಡುತ್ತಿದ್ದೆ ನಾನು.

"ಈಗ ಕುಡೀರಿ" ಎಂದರು ಅಕ್ಕೋರು.

ನನ್ನ ಕೈ ಮೇಲಕ್ಕೆ ಹೋಯಿತು. ತಲೆ ಹಿಂದಕ್ಕೆ ಹೋಯಿತು. ಬಾಯಿ ತೆರೆಯಿತು. ನಾನು ಮಾಡಿದ್ದಲ್ಲ ಅದು, ಆಗಿಬಿಟ್ಟದ್ದು. ಗ್ಲಾಸಿನ ಅಂಚು ತುಟಿಯಿಂದ ಗೇಣಷ್ಟು ಎತ್ತರದಲ್ಲಿತ್ತು. ತಂಬಿಗೆಯಾದರೆ ಧಾರೆಯಾಗಿ ಬೀಳುತ್ತಿತ್ತು. ಅಗಲ ಬಾಯಿಯ ಗ್ಲಾಸು, ಒಮ್ಮೆಲೇ ಸುರಿಯಿತು. ಗದ್ದದ ಮೇಲೆ, ಕುತ್ತಿಗೆಯ ಮೇಲೆ, ತಿಳಿಹಳದಿ ಸೀರೆಯ ಎದೆಯ ತುಂಬ. ನಾಲಿಗೆಗೆ ಬಿದ್ದದ್ದು ಎರಡು ಹನಿ.

"ಅರೇ, ಅಕ್ಕೋರು ತಾವು ಕುಡೀಲಿಲ್ಲ, ಸೀರಿಗೆ ಕುಡಿಸಿದ್ರು!" ಎಂದರು ಹಿಂದಿ ಅಕ್ಕೋರು. ಮಗಳು ನಕ್ಕಳು. ನಾನೂ ನಗಲು ನೋಡಿದೆ. ಗಣಿತದ ಅಕ್ಕೋರು ಮಾತ್ರ ನಗಲಿಲ್ಲ. ರೊಟ್ಟಿಯ ಹಂಚು ಇಳಿಸಿ, ನನ್ನ ಮುಖ ನೋಡದೆ ಕೇಳಿದರು:

"ನಾವಿಬ್ಬರೂ ತುಟಿ ಹಚ್ಚಿದ್ವಿ. ನೀವಷ್ಟ ಎತ್ತಿ ಕುಡದ್ರಿ. ನನ್ನ ಎಂಜಲ ಅಂತೇನ್ರಿ?"

ಹೇಳಬಹುದಿತ್ತು. ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ಅದೇ ಗೋಡೆ, ಅದೇ ಗೂಡು. ಈಗ ಅದರಲ್ಲಿ ಭಾಂಡೆ ತಿಕ್ಕುವ ಸಾಬೂನು ಇತ್ತು. ಅದರ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಈಗಷ್ಟೇ ಪಾಠ ಮಾಡಿದ ಬಾಯಿಂದ ಅದು ಬರಲಿಲ್ಲ. ಡಿಗ್ರಿ ಮಾಡಿ, ನೌಕರಿ ಹಿಡಿದು, ಎಲ್ಲಾ ದಾಟಿ ಬಂದೆ ಎಂದು ಊರಿಗೆಲ್ಲ ಹೇಳಿಕೊಂಡವಳ ಕೈ ಇನ್ನೂ ಆಯಿ ಹೇಳಿದ ಹಾಗೇ ಕೇಳುತ್ತದೆ ಎಂದು ಹೇಗೆ ಹೇಳಲಿ?

"ಛೇ, ಅಲ್ರಿ ಅಕ್ಕೋರ. ನನಗ ಶೀತ ಆಗೇತ್ರಿ. ನಿಮಗ ಹತ್ತಬಾರದಂತ" ಎಂದೆ.

"ಅಯ್ಯ, ಮೊದಲ ಹೇಳಬಾರದೇನ್ರಿ ಟೀಚರ್?" ಮಗಳು ಎದ್ದಳು. ನಿಷ್ಕಪಟ ಹುಡುಗಿ. "ನಿಮಗ ಬ್ಯಾರೆ ಲೋಟಾ ತರ್ತೀನಿ ತಡೀರಿ."

ಬೇರೆ ಲೋಟ ಬಂತು. ಸ್ಟೀಲಿನದು, ಹೊಳೆಯುವಂಥದ್ದು. ಆ ಮನೆಯಲ್ಲಿ ನನಗೆ ಬೇರೆ ಲೋಟ, ಈ ಸಲ ನಾನೇ ಸುಳ್ಳು ಹೇಳಿ ತರಿಸಿಕೊಂಡದ್ದು. ಗಾಜಿನ ಗ್ಲಾಸು ಅವರವರ ನಡುವೆ ತಿರುಗತೊಡಗಿತು. ನನ್ನ ಸರದಿ ಬಂದಾಗ ನನ್ನನ್ನು ದಾಟಿ ಹೋಗುತ್ತಿತ್ತು. ನಾನು ನನ್ನ ಲೋಟಕ್ಕೆ ತುಟಿ ಹಚ್ಚಿದೆ. ಅದು ನನ್ನದೇ ಅಲ್ಲವೇ, ಹಚ್ಚಲು ಅಡ್ಡಿಯಿಲ್ಲ.

ಆ ವೈನಿನ ರುಚಿ ನನಗೆ ತಿಳಿದದ್ದು ಆಗ. ಮೊದಲು ಒಗರು ನಾಲಿಗೆಯನ್ನು ಒಣಗಿಸಿತು. ಒಸಡು ಬಿಗಿಯಿತು. ಇಷ್ಟೇಯೇನೋ ಎನ್ನುವಷ್ಟರಲ್ಲಿ ಹಿಂದಿನಿಂದ ಆಮಸೂಲಿನಂಥ ಸಣ್ಣ ಹುಳಿ ಬಂತು, ಅದರ ಹಿಂದೆ ಟ್ರಂಕಿನಲ್ಲಿಟ್ಟ ಹಳೆಯ ರೇಷ್ಮೆಯ ವಾಸನೆಯಂಥದ್ದು ಏನೋ. ನುಂಗಿದ ಮೇಲೂ ಹೋಗಲಿಲ್ಲ. ಅಬ್ಬರ ಮಾಡುವ ರುಚಿ ಅಲ್ಲ ಅದು. ಮೆಲ್ಲಗೆ ಮಾತಾಡಿ, ಎದ್ದು ಹೋದ ಮೇಲೂ ಪಡಸಾಲೆಯಲ್ಲಿ ಉಳಿಯುವ ಹಿರಿಯರ ಹಾಗೆ. ಎಲ್ಲೋ ಒಬ್ಬಳು ಮುದುಕಿ ಮಾವನ ಪೀಪಾಯಿಯನ್ನು ಜೋಪಾನ ಮಾಡಿದ್ದಾಳೆ, ಅದರಲ್ಲಿ ಇಟ್ಟದ್ದು ಇಷ್ಟು ವರ್ಷ ಕಳೆದರೂ ಹೋಗಿಲ್ಲ. ನನ್ನ ಕೈಯಲ್ಲಿ ಇಟ್ಟದ್ದೂ ಹೋಗಿಲ್ಲ. ಹೀಗೆ ಯೋಚಿಸುತ್ತಾ ಕುಡಿದೆ. ಒಂದು ಗುಟುಕು ಎಂದು ಹೇಳಿ ಬಂದವಳು ಲೋಟ ಮುಗಿಸಿದೆ. ಕಿವಿ ಬಿಸಿಯಾದವು. ವೈನಿಗೋ ನಾಚಿಕೆಗೋ ಗೊತ್ತಾಗಲಿಲ್ಲ.

ಕಲೆಗೆ ನೀರು ಹಚ್ಚಿಕೊಳ್ಳಲು ಹಿತ್ತಿಲಿಗೆ ಹೋದೆ. ಲೋಟವೂ ಕೈಯಲ್ಲಿತ್ತು. ಅದನ್ನೂ ತೊಳೆದು ಕಟ್ಟೆಯ ಮೇಲಿಟ್ಟು ಒಳಗೆ ಬಂದೆ.

ಗೋಕಾಕಕ್ಕೆ ಬಂದು ಬಾಗಿಲು ತಟ್ಟಿದಾಗ ಅವ್ವ ಕೇಳಿದ್ದು ಅದನ್ನೇ. "ಎದರಾಗ ಕೊಟ್ರು?"

"ಗಾಜಿನ ಗ್ಲಾಸಿನ್ಯಾಗ."

"ಎಲ್ಲಾರಿಗೂ?"

"ಎಲ್ಲಾರಿಗೂ ಒಂದ ಗ್ಲಾಸ ಇತ್ತು. ಅಕ್ಕೋರು ಕುಡದು ಕೊಟ್ರು."

ಒಂದು ಮಾತೂ ಸುಳ್ಳಲ್ಲ. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅಡಗಿ ಮನ್ಯಾಗ" ಎಂದಳು. "ಹೂಂ" ಎಂದೆ. "ತಮ್ಮ ಬಾಯಾಂದು ಕೊಟ್ರು" ಎಂದಳು. ನಾನು ಹೂಂ ಎನ್ನಲಿಲ್ಲ. ಸೀರೆಯನ್ನು ನೆನೆಹಾಕಲು ಹೋದರೆ ಬಕೆಟ್ಟು ಕಸಿದುಕೊಂಡಳು. "ತೊಳೀಬ್ಯಾಡ. ಇರ್ಲಿ ಅದು." ಮರುದಿನ ಬಾಜೂ ಮನೆಯವಳು ಬಂದಾಗ ಸೀರೆ ಬಿಡಿಸಿ ಆ ಕಲೆಯನ್ನು ತೋರಿಸಿದಳಂತೆ. ಊರಿಂದ ಫೋನ್ ಮಾಡಿದ ಚಿಗವ್ವನಿಗೂ ಹೇಳಿದಳು. "ನಮ್ಮವ್ವ ಇರಬೇಕಿತ್ತು ಇದನ್ನ ಕೇಳಾಕ" ಎಂದಳು. ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತ ನನಗೆ ಪ್ರತಿ ಮಾತೂ ಕೇಳುತ್ತಿತ್ತು. ಆಯಿ ಇದ್ದಿದ್ದರೆ ನನ್ನನ್ನು ಮೆಚ್ಚುತ್ತಿದ್ದಳು, ಬೇರೆ ಕಾರಣಕ್ಕೆ. ತಂಬಿಗೆಯಾಗಿದ್ದರೆ ಹನಿ ಚೆಲ್ಲುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿರುತ್ತಿತ್ತು.

ಸಾಲೆಯಲ್ಲಿ ಗಣಿತದ ಅಕ್ಕೋರು ನನಗಾಗಿ ಥರ್ಮಾಸಿನಲ್ಲಿ ಕಷಾಯ ತಂದರು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಮುಚ್ಚಳಕ್ಕೆ ಬಗ್ಗಿಸಿ, ಬಿಸಿ ಎಷ್ಟಿದೆ ನೋಡಲು ತಾವೇ ಸ್ವಲ್ಪ ಕುಡಿದು, ನನ್ನ ಮುಂದೆ ಹಿಡಿದರು. ನಾನು ತುಟಿ ಹಚ್ಚಿ ಕುಡಿದೆ. ಈ ಸಲ ಮೊಣಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದುಕೊಂಡಿದ್ದೆ.

ಅವರು ನೋಡುತ್ತಿದ್ದರು. "ಶೀತ ಆದಾಕಿಗೆ ಗುಲಾಬಿ ವಾಸ್ನಿ ಹೆಂಗ ಬಂತ್ರಿ?" ಎಂದರು.

ನಾನು ಮುಚ್ಚಳ ಕೆಳಗಿಟ್ಟೆ.

"ನನ್ನ ಮಗಳು ಕೇಳಿದಳು. ಮೂಗು ಕಟ್ಟಿದವರು ಡಾಂಬರ ಹೆಂಗ ಹಿಡದ್ರು ಅಂತ. ನಾ ಏನೂ ಅನಲಿಲ್ಲ." ಅವರು ಥರ್ಮಾಸಿನ ಬಿರಡೆಯನ್ನು ತಿರುವುತ್ತಾ ಮುಂದುವರಿಸಿದರು. "ನಮ್ಮನಿ ಮಂದಿ ನಿಮ್ಮ ಮಂದಿಗೆ ಏನೇನ ಮಾಡ್ಯಾರ ಅಂತ ನಾನೂ ಕೇಳೇನ್ರಿ. ನೀವು ಬೇಕಂತ ಎತ್ತಿ ಕುಡದೀರಿ, ಸಿಟ್ಟ ಇನ್ನೂ ಐತಿ ಅಂದ್ಕೊಂಡೆ. ಇರಬೇಕಾದ್ದ ಅದು. ನಾ ತಪ್ಪ ತಿಳೀಲಿಲ್ಲ."

ನನ್ನನ್ನು ಅವರು ಎಷ್ಟು ಎತ್ತರಕ್ಕೆ ಏರಿಸಿದ್ದರು! ಎದುರು ಕೂತು, ಅವರದೇ ಅಡಿಗೆಮನೆಯಲ್ಲಿ, ಅವರ ಎಂಜಲನ್ನು ಒಲ್ಲೆನೆಂದ ಗಟ್ಟಿ ಹೆಣ್ಣುಮಗಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆ ಹೂಂ ನನ್ನ ಬಾಯಿಯ ತನಕ ಬಂದಿತ್ತು.

"ಸಿಟ್ಟ ಅಲ್ರಿ ಅಕ್ಕೋರ" ಎಂದೆ. "ರೂಢಿ ಅದು. ನಿಮ್ಮ ಹಿತ್ತಲದಾಗ ನಮ್ಮ ಆಯಿ ಕಲಿಸಿದ್ದು. ನಿಮ್ಮ ಮನಿ ಭಾಂಡೇಕ ತುಟಿ ಹಚ್ಚಬಾರದಂತ. ಕೈ ತಾನ ಮ್ಯಾಲ ಹೋತು."

ಅವರ ಕೈ ಬಿರಡೆಯ ಮೇಲೆಯೇ ನಿಂತಿತು. ಹೊರಗೆ ಹುಡುಗರು ಕೂಗುತ್ತಾ ಓಡಾಡುತ್ತಿದ್ದರು.

"ಆವತ್ತ ಹೇಳಬಾರದಿತ್ತೇನ್ರಿ?"

"ಮಗಳ ಮುಂದ ನಿಮಗ ನಾಚಿಕಿ ಆಗತಿತ್ತು."

"ಈಗ ಆಗಲಿಲ್ಲೇನು?" ಎಂದರು ಅಕ್ಕೋರು.

ಗಂಟೆ ಹೊಡೆಯಿತು. ಅವರು ಎಂಟನೇ ಕ್ಲಾಸಿಗೆ ಹೋದರು, ನಾನು ಹತ್ತಕ್ಕೆ. ಥರ್ಮಾಸು ಮೇಜಿನ ಮೇಲೆಯೇ ಉಳಿಯಿತು.

ಅವರಿಗೆ ಹೇಳಿದ ಮೇಲೆ ಅವ್ವನಿಗೆ ಹೇಳದೆ ಇರುವುದು ಆಗಲಿಲ್ಲ. ಆ ಸಂಜೆ ಅವಳು ಸೊಪ್ಪು ಸೋಸುತ್ತಿದ್ದಳು. ಎದುರು ಕೂತು ಎಲ್ಲಾ ಹೇಳಿದೆ. ಗ್ಲಾಸು ಬಂದದ್ದು, ಕೈ ಎದ್ದದ್ದು, ಶೀತ ಎಂದದ್ದು, ಬೇರೆ ಲೋಟ ತರಿಸಿಕೊಂಡದ್ದು. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪಿನಿಂದ ಕಣ್ಣು ಎತ್ತದೆ ಕೇಳಿದಳು.

"ಕುಡದ ಮ್ಯಾಲ ಆ ಲೋಟಾ ಯಾರ ತೊಳದ್ರು?"

ನನಗೆ ಆಗ ನೆನಪಾಯಿತು. ಹಿತ್ತಿಲ ಕಟ್ಟೆ, ನಲ್ಲಿ, ಗೂಡಿನಿಂದ ತೆಗೆದುಕೊಂಡ ಸಾಬೂನು. ತೊಳೆಯಲು ಯಾರೂ ಹೇಳಿರಲಿಲ್ಲ ನನಗೆ.

"ನಾನ" ಎಂದೆ.

"ಡಬ್ಬ ಹಾಕಿದೇನು?"

"ಹೂಂ. ಡಬ್ಬ ಹಾಕಿ ಬಂದೆ."

ಅವ್ವ ಎದ್ದಳು. ಒಳಗೆ ಹೋಗಿ ಟ್ರಂಕು ತೆರೆದ ಸಪ್ಪಳವಾಯಿತು. ತಿಳಿಹಳದಿ ಸೀರೆಯನ್ನು ತಂದು, ಬಕೆಟ್ಟಿನಲ್ಲಿ ಸಾಬೂನಿನ ಪುಡಿ ಕಲಸಿ, ಕಲೆಯಿದ್ದ ಭಾಗವನ್ನು ಮೊದಲು ಮುಳುಗಿಸಿದಳು.